ತಪ್ಪೆಲ್ಲಾ ಕುಂಕುಮದ್ದು

ಹೋದ ಶನಿವಾರ ಆಕ್ಲೆಂಡಿನ ನಮ್ಮ ಬಡಾವಣೆ ಒನೆಹುಂಗಾದಲ್ಲಿ ಹಾಲು ತರಲು ಮೂಲೆಯ ಡೈರಿಗೆ ಹೋಗಿದ್ದೆ. ಇಲ್ಲಿ ಚಿಲ್ಲರೆ ಅಂಗಡಿಗೇ ಡೈರಿ ಎನ್ನುತ್ತಾರೆ; ಹಾಲಿಗಿಂತ ಚಾಕೊಲೇಟೇ ಅಲ್ಲಿ ಹೆಚ್ಚು. ಬಾಗಿಲ ಬಳಿ ಪುಟ್ಟ ಹುಡುಗಿಯೊಬ್ಬಳು ಆಟದ ಪಿಸ್ತೂಲಿಗೆ ಕೇಪಿನ ಸುರುಳಿ ಹಾಕಿಕೊಂಡು ಟಪ್ ಟಪ್ ಎಂದು ಹೊಡೆಯುತ್ತಿದ್ದಳು. ಸುಟ್ಟ ಕೇಪಿನ ವಾಸನೆ, ಆಗಷ್ಟೇ ಬೆಂಕಿಕಡ್ಡಿ ಗೀರಿದಂಥದ್ದು, ಸ್ವಲ್ಪ ಕಹಿ, ಸ್ವಲ್ಪ ಕಬ್ಬಿಣ, ಮೂಗಿಗೆ ಬಡಿದದ್ದೇ ತಡ, ಹಾಲಿನ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮೂವತ್ತು ದಾಟಿದ ಹೆಂಗಸು ಅಂಗಡಿ ಮುಂದೆ ಅತ್ತರೆ ನೋಡಿದವರು ಏನಂದುಕೊಂಡಾರು? ಅಂದುಕೊಳ್ಳಲಿ ಬಿಡಿ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು, ಎದುರಾದರೆ ಬಿಟ್ಟುಬಂದ ಮನೆಯನ್ನೇ ಎತ್ತಿ ತಂದು ಮುಂದೆ ಇಡುವಂಥದ್ದು. ನನಗೆ ಅದು ಇದೇ ದೇಶದ ದಕ್ಷಿಣ ತುದಿಯ ಡನೀಡಿನ್‌ನ ಗುಡ್ಡದ ಮೇಲಿದ್ದ ನಮ್ಮ ಬಾಡಿಗೆ ಮನೆ, ಅದರ ತಣ್ಣನೆ ಗ್ಯಾರೇಜು, ಗ್ಯಾರೇಜಿನಲ್ಲಿ ಅಪ್ಪ.

ಅಪ್ಪ ಹುಣಸೂರು ಕಡೆಯವರು. ಮೈಸೂರಿನಲ್ಲಿ ನರ್ಸಿಂಗ್ ಓದಿ, ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಡನೀಡಿನ್‌ನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಬಂದರು. ಇರುವೆಯನ್ನೂ ದಾಟಿಕೊಂಡು ನಡೆಯುತ್ತಿದ್ದ ಮನುಷ್ಯನಿಗೆ ಬಂದೂಕಿನ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಗ್ರಹಾಂ ಅಂಕಲ್. ಗುರಿ ಹೊಡೆಯುವ ಕ್ಲಬ್ಬಿಗೆ ಜೊತೆಗೆ ಬಾ ಎಂದು ಕರೆದೊಯ್ದರು. ಅಪ್ಪ ಕಾಗದದ ಮೇಲಿನ ಕಪ್ಪು ಚುಕ್ಕೆಯನ್ನು ಬಿಟ್ಟು ಬೇರೆ ಯಾವ ಜೀವಕ್ಕೂ ಗುರಿ ಇಡಲಿಲ್ಲ. ಅಂಕಲ್ ಮನೆ ಬಿಟ್ಟು ಮಗಳ ಊರಿಗೆ ಹೋಗುವಾಗ ತಮ್ಮ ಹಳೇ ಪ್ರೆಸ್ಸನ್ನು ಅಪ್ಪನಿಗೇ ಕೊಟ್ಟುಹೋದರು. ಹೊಡೆದ ತೋಟಾದ ಹಿತ್ತಾಳೆ ಚಿಪ್ಪನ್ನು ಎಸೆಯದೆ, ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ತೋಟಾ ಮಾಡಿಕೊಳ್ಳುವ ಯಂತ್ರ ಅದು. ಅದರ ಮೊದಲ ಕೆಲಸ, ಚಿಪ್ಪಿನ ತಳದಲ್ಲಿ ಸುಟ್ಟು ಕೂತಿರುವ ಹಳೇ ಕೇಪನ್ನು ಹೊರಗೆ ತಳ್ಳುವುದು. ಹಿಡಿಯನ್ನು ಕೆಳಗಿನವರೆಗೆ ಎಳೆದರೆ ಒಳಗಿನ ಕಡ್ಡಿ ಕೇಪನ್ನು ನೂಕುತ್ತಿತ್ತು. ಅದು ಕೊಳವೆಯಲ್ಲಿ ಜಾರಿ, ಅಮ್ಮನ ಖಾಲಿ ಉಪ್ಪಿನಕಾಯಿ ಬಾಟಲಿಗೆ ಟಣ್ ಎಂದು ಬೀಳುತ್ತಿತ್ತು. ಭಾನುವಾರ ಬೆಳಿಗ್ಗೆ ನಾನು ಏಳುತ್ತಿದ್ದದ್ದೇ ಆ ಸದ್ದಿಗೆ. ಟಣ್, ಸ್ವಲ್ಪ ಬಿಟ್ಟು ಟಣ್, ನಡುವೆ ಅಡುಗೆಮನೆಯಿಂದ ಒಗ್ಗರಣೆಯ ಚಟಪಟ. "ಕೈ ತೊಳೀದೆ ಒಳಗೆ ಕಾಲಿಟ್ರೆ ನೋಡಿ ಮತ್ತೆ!" ಎಂದು ಅಮ್ಮ ಕೂಗಿದ ಮೇಲೆಯೇ ನಮಗೆ ದೋಸೆ.

ನನಗೆ ಹನ್ನೊಂದು ತುಂಬಿದ ವರ್ಷ ಆಯುಧ ಪೂಜೆಗೆ ಅಮ್ಮ ಕಾರು, ಹೊಲಿಗೆ ಯಂತ್ರ, ಮಿಕ್ಸಿಗಳ ಜೊತೆ ಪ್ರೆಸ್ಸಿಗೂ ಪೂಜೆ ಮಾಡಿದಳು. ಮಾಡುವುದು ಮಾಡಿದಳು, ಧಾರಾಳವಾಗಿ ಮಾಡಿದಳು. ಎಣ್ಣೆ ಸವರಿದ ಕಬ್ಬಿಣದ ಮೇಲೆ ಅರಿಶಿನ, ಅದರ ಮೇಲೆ ಹಿಡಿ ತುಂಬ ಕುಂಕುಮ. ಮುಂದಿನ ಭಾನುವಾರ ಟಣ್ ಎನ್ನಲಿಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮ ಕೊಳವೆಗೆ ಇಳಿದು ಗಟ್ಟಿಯಾಗಿ, ಕೇಪುಗಳು ಒಂದರ ಮೇಲೊಂದು ಸಿಕ್ಕಿಕೊಂಡಿದ್ದವು. "ಅಯ್ಯೋ ಮಾರಾಯ್ತಿ, ಇದೇನ್ ಮದುವೆ ಹೆಣ್ಣೇನೇ ಹಿಂಗ್ ಸಿಂಗಾರ ಮಾಡಕ್ಕೆ?" ಎಂದು ಅಪ್ಪ ರೇಗಿದರು. ಅಮ್ಮ ಬಿಡುವವಳೇ? "ನಿಮ್ ಬಂದೂಕಿನ ಹುಚ್ಚಿಗೆ ದೇವರೇ ಅಡ್ಡ ಬಂದವ್ನೆ," ಎಂದಳು. ಅಪ್ಪ ಪ್ರೆಸ್ಸು ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳವೆ ಉಜ್ಜಿ, ಒರೆಸಿ ಮತ್ತೆ ಜೋಡಿಸುವಷ್ಟರಲ್ಲಿ ಮೂವರ ಕೈಯೂ ಕೆಂಪಾಗಿತ್ತು. ನಾವು ಅಷ್ಟು ನಕ್ಕ ದಿನ ಆಮೇಲೆ ಬರಲಿಲ್ಲ.

ಚಳಿಗಾಲ ಬಂತು; ಇಲ್ಲಿ ಅದು ಬರುವುದೇ ಜೂನಿಗೆ. ಆ ಜೂನಿನಲ್ಲಿ ಪ್ರೆಸ್ಸು ಮತ್ತೆ ಸಿಕ್ಕಿಕೊಳ್ಳತೊಡಗಿತು. "ಸಂದಿಲಿ ಇನ್ನೂ ನಿಮ್ಮಮ್ಮನ ಕುಂಕುಮ ಐತೆ," ಎಂದರು ಅಪ್ಪ. ನಾನು ಟಾರ್ಚ್ ಬಿಟ್ಟು ನೋಡಿದೆ. ಕೊಳವೆ ಫಳಫಳ ಹೊಳೆಯುತ್ತಿತ್ತು. "ಇಟ್ಸ್ ಕ್ಲೀನ್, ಅಪ್ಪ," ಎಂದೆ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಕೊಬ್ಬಿನ ಕಾಲ ಅದು. ಈ ಸಲ ಕೇಪು ಕೊಳವೆಯವರೆಗೆ ಬಂದೇ ಇರಲಿಲ್ಲ; ಚಿಪ್ಪಿನ ತಳದಿಂದ ಅರ್ಧ ಹೊರಗೆ ಬಂದು, ಅರ್ಧ ಒಳಗೇ ಉಳಿದು, ಚಿಪ್ಪು ಅತ್ತ ಇತ್ತ ಅಲುಗದಂತೆ ಮಾಡಿತ್ತು. ನಾನು ಸುಮ್ಮನೆ ಹಿಡಿಗೆ ಜೋತುಬಿದ್ದು ಎಳೆದೆ. ಟಣ್. ಇನ್ನೊಂದು ಚಿಪ್ಪು ಇಟ್ಟೆ, ಎಳೆದೆ. ಟಣ್. ಆಮೇಲೆ ಅಪ್ಪ ಎಳೆದರು. ಹಿಡಿ ಕೆಳಗಿನವರೆಗೆ ಹೋಗಲೇ ಇಲ್ಲ. ಅವರ ಬಲಗೈ ನೋಡಿದೆ. ಹೆಬ್ಬೆರಳಿನ ಬುಡದ ಮಾಂಸ ಒಳಗೆ ಇಳಿದು ಗುಳಿ ಬಿದ್ದಿತ್ತು, ಬೆರಳು ಸಣ್ಣಗೆ ಅದುರುತ್ತಿತ್ತು. ಬಾಟಲಿ ಮುಚ್ಚಳ ತೆಗೆಯಲು ಕೆಲವು ವಾರಗಳಿಂದ ಅಮ್ಮನಿಗೆ ಕೊಡುತ್ತಿದ್ದದ್ದೂ ಆಗಲೇ ಹೊಳೆಯಿತು. ಕೆಟ್ಟಿದ್ದು ಪ್ರೆಸ್ಸಲ್ಲ.

ಹೇಳಬೇಕಿತ್ತು. ಅಮ್ಮನ ಹತ್ತಿರ ಓಡಿಹೋಗಿ, ಅಪ್ಪನ ಕೈಗೆ ಏನೋ ಆಗಿದೆ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಅದಕ್ಕೆ ನಾನು ಮಾಡಿದ್ದೇನು ಗೊತ್ತೇ? ಶನಿವಾರ ಸಂಜೆ ದೇವರ ಗೂಡಿನಿಂದ ಎರಡು ಚಿಟಿಕೆ ಕುಂಕುಮ ತೆಗೆದು, ಎಣ್ಣೆ ಹನಿಸಿ, ಕೊಳವೆಯ ಬಾಯಿಗೆ ಮೆತ್ತಿಬಂದೆ. ಮರುದಿನ ಅಪ್ಪ ಬೆರಳಿಗೆ ಹತ್ತಿದ ಕೆಂಪನ್ನು ಎತ್ತಿ ತೋರಿಸಿ, "ನೋಡು, ನಾನ್ ಹೇಳ್ಲಿಲ್ವಾ? ಇನ್ನೂ ಬತ್ತಾನೆ ಐತೆ," ಎಂದು ಅಮ್ಮನನ್ನು ಬೈದರು. ಅಮ್ಮ, ಒಂದು ಮಾತಿಗೆ ನಾಲ್ಕು ಮಾತು ಆಡುವ ನಮ್ಮಮ್ಮ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಆಯ್ತು ಬಿಡಿ, ನಂದೇ ತಪ್ಪು," ಎಂದು ಒಳಗೆ ಹೋದಳು. ನಾನು ಅದನ್ನು ಒಂದು ವಾರಕ್ಕೆ ನಿಲ್ಲಿಸಲಿಲ್ಲ. ಆ ಚಳಿಗಾಲ ಪೂರ್ತಿ ಮಾಡಿದೆ. ಪ್ರತಿ ಭಾನುವಾರ ಕುಂಕುಮ, ಪ್ರತಿ ಭಾನುವಾರ ಬೈಗುಳ. ಅಮ್ಮನಿಗೆ ಬೈಸಿದ್ದಕ್ಕೆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಿದ್ದೇನೆ, ಆದರೂ ಮುಂದಿನ ಶನಿವಾರ ಮತ್ತೆ ಗೂಡಿಗೆ ಕೈ ಹಾಕುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಅಪ್ಪ ಕೆಲಸದಲ್ಲಿದ್ದಾಗ ಔಷಧಿಯ ಟ್ರೇ ಕೈಯಿಂದ ಜಾರಿಬಿತ್ತಂತೆ. ಅಲ್ಲಿಂದ ಪರೀಕ್ಷೆಗಳು, ಆಮೇಲೆ ಕಾಯಿಲೆಗೆ ಒಂದು ಹೆಸರು. ನರಗಳು ಒಂದೊಂದಾಗಿ ಸೋತು ಸ್ನಾಯುಗಳನ್ನು ಕೈಬಿಡುವ ಕಾಯಿಲೆ, ಅದಕ್ಕೆ ಮದ್ದಿಲ್ಲ. ಮೊದಲೇ ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಆ ಮಾತನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡೆನೋ ಲೆಕ್ಕವಿಲ್ಲ, ಮನಸ್ಸು ಕೇಳಬೇಕಲ್ಲ. ಕೈ ಹೋಯಿತು, ಕಾಲು ಹೋಯಿತು, ಕೊನೆಗೆ ಮಾತೂ ಹೋಯಿತು. ನನಗೆ ಹದಿಮೂರು ನಡೆಯುವಾಗ ಅಪ್ಪ ಹೋದರು.

ಮಾರನೇ ವರ್ಷ ಅಮ್ಮನಿಗೆ ಆಕ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಅಪ್ಪನ ಬಂದೂಕನ್ನು ಲೈಸೆನ್ಸ್ ಇದ್ದ ಕ್ಲಬ್ಬಿನ ಗೆಳೆಯರೊಬ್ಬರಿಗೆ ಆಗಲೇ ಕೊಟ್ಟಾಗಿತ್ತು. ಪ್ರೆಸ್ಸು ಕೊಳ್ಳಲು ಹಳ್ಳಿ ಕಡೆಯಿಂದ ಇಲ್ಲಿನವನೇ ಆದ ಒಬ್ಬ ರೈತ, ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯಲ್ಲಿ ಬಂದ. ಹಿಡಿಯನ್ನು ಮೇಲೆ ಕೆಳಗೆ ಆಡಿಸಿ, ಇದು ಸಿಕ್ಕಿಕೊಳ್ಳುತ್ತದೆಯೇ ಎಂದು ಕೇಳಿದ. ನಾನು ಇಲ್ಲ ಎಂದೆ. ಪ್ರೆಸ್ಸಿನಲ್ಲಿ ಯಾವತ್ತೂ ತೊಂದರೆ ಇರಲಿಲ್ಲ, ನಮ್ಮಪ್ಪನ ಕೈಗೆ ಶಕ್ತಿ ಇರಲಿಲ್ಲ ಎಂದೆ. ಬಾಯಿಬಿಟ್ಟು ಅದನ್ನು ಹೇಳಿದ್ದು ಅದೇ ಮೊದಲು, ಅದೂ ಗುರುತಿಲ್ಲದವನ ಮುಂದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸಾರಿ ಎಂದು, ಪ್ರೆಸ್ಸನ್ನು ಹೊತ್ತುಕೊಂಡು ಹೋದ. ತಿರುಗಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಗೊತ್ತಿತ್ತು ಕಣ್ಮಗ," ಎಂದಳು. "ಗೂಡಲ್ಲಿ ಕುಂಕುಮ ಕಮ್ಮಿ ಆಯ್ತಿದ್ರೆ ನಂಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಯಾಕಮ್ಮ ಬೈಸ್ಕೊಂಡೆ?" ಎಂದೆ, ಕನ್ನಡದಲ್ಲೇ.

"ಅವರು ಬಯ್ಯೋಗಂಟ ಚೆನ್ನಾಗವ್ರೆ ಅನ್ನಿಸ್ತಿತ್ತು. ಕೈಗೆ ಕಾಯಿಲೆ ಬಂದೈತೆ ಅಂತ ಅವರಿಗೆ ನಮ್ಮಿಬ್ಬರಿಗಿಂತ ಮುಂಚೇನೇ ಗೊತ್ತಿತ್ತಂತೆ. ನರ್ಸಲ್ವಾ? ಮಾತು ನಿಲ್ಲೋಕ್ ಮುಂಚೆ ಒಂದಿನ ಹೇಳಿದ್ರು."

ಆ ಚಳಿಗಾಲ ಮೂವರೂ ಒಂದೇ ಸೂರಿನ ಕೆಳಗೆ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಒಂದೇ ಸಂಕಟಕ್ಕೆ ಬೇರೆ ಬೇರೆ ಕೋಣೆಗಳಲ್ಲಿ ಅತ್ತಿದ್ದೆವು. ಆಗ ಅಪ್ಪನ ಬಾಯಲ್ಲಿ ಇನ್ನೂ ಮಾತಿತ್ತು. ಒಟ್ಟಿಗೆ ಕೂತು ಅಳಬಹುದಿತ್ತು.