ಹಲಗೆಯ ಜೊತೆ ಬಾಗಿದ ತಲೆ

ತೆಲಂಗಾಣದ ನಾರಾಯಣಪೇಟೆಯ ನಮ್ಮ ಓಣಿಗೆ ಯಾರೇ ಬಂದು ಮಾತಾಡಿಸಿದರೂ ನಾನು ಮಗ್ಗ ನಿಲ್ಲಿಸುವವನಲ್ಲ. ಐದನೇ ಕ್ಲಾಸಿಗೆ ಸಾಲಿ ಬಿಟ್ಟು, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿದವನು. ಕಲೆಕ್ಟರ್ ಬಂದರೂ ಲಾಳಿ ಓಡುತ್ತಿರಬೇಕು ಅನ್ನುವುದು ನನ್ನ ಹಟ. ನೇಯ್ದ ಎಳೆ ಬಿಗಿಯಲು ಮಗ್ಗದ ಹಲಗೆ ಬಡಿದಾಗಲೆಲ್ಲ ತಲೆ ಮುಂದಕ್ಕೆ ಬಾಗುತ್ತದೆ. ನೇಕಾರರ ತಲೆಗಳೆಲ್ಲ ಹಾಗೇ.

ವಾರ್ಡು ಇಲೆಕ್ಷನ್ನಿಗೆ ಪಕ್ಕದ ಮನೆಯವನು ನಿಂತಿದ್ದ. ಅವನೂ ನೇಕಾರ, ನನಗಿಂತ ಚಿಕ್ಕವನು. ಒಂದು ದಿನ ಫೋನಿನಲ್ಲೇ ಸುದ್ದಿ ಚಾನೆಲ್ ನಡೆಸುವವನೊಬ್ಬ ಬಂದು, ನೇಕಾರರ ಕಷ್ಟ ತೋರಿಸ್ತೀನಿ ಅಂತ ನನ್ನೆದುರು ಕೂತ. ಫೋನ್ ಹಿಡಿದು ಕೇಳಿದ: "ಸಂಘಕ್ಕ ಬಂದ ನೂಲು ನಿಮ್ಮ ಬಾಜು ಮನ್ಯಾತ ಮಾರಿಕೊಂಡಾನಂತ, ಖರೇ ಏನ್ರಿ?"

ಸೀರೆಯ ಅಂಚಿನ ಎಳೆಯೊಂದು ಕಡಿಯುವಂತಿತ್ತು, ಕಣ್ಣು ಅದರ ಮೇಲಿತ್ತು. ಒಂದೆರಡು ಸಲ ಹಲಗೆ ಬಡಿದು, ಆಮೇಲೆ "ಸುಳ್ಳದು" ಅಂದೆ.

ಸಂಜೆ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಬಂದ ವಿಡಿಯೊದಲ್ಲಿ ಇದ್ದದ್ದು ಆ ಪ್ರಶ್ನೆ, ನನ್ನ ತಲೆ, ಅಷ್ಟೇ; ನಾನು ಸುಳ್ಳು ಅಂದದ್ದನ್ನು ಕತ್ತರಿಸಿದ್ದರು. ಹೌದು, ಹೌದು ಅನ್ನುವ ತಲೆ. ಕೆಳಗೆ ತೆಲುಗಿನಲ್ಲಿ ಬರೆದಿದ್ದರು: ಅಭ್ಯರ್ಥಿಯ ಪಕ್ಕದ ಮನೆಯವನೇ ಹೌದೆಂದ.

ಇಲೆಕ್ಷನ್ನಿಗೆ ನಿಂತವನ ಬಾಗಿಲಿಗೆ ಓಡಿದೆ. ಅವನ ತಾಯಿ ಒಳಗಿನಿಂದಲೇ "ಮನ್ಯಾಗಿಲ್ಲ" ಅಂದಳು. ಅವನ ಚಪ್ಪಲಿ ಹೊರಗೇ ಇದ್ದವು.

"ನಾಳಿ ಹಾಸು ಓಣ್ಯಾಗ ಹಾಕೋದೈತಿ," ಹೆಂಡತಿ ಅಂದಳು. "ಯಾರ್ ಬರ್ತಾರ ನೋಡ್ರಿ ಈಗ."

ಹಾಸನ್ನು, ಅಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು, ಓಣಿಯುದ್ದ ಎಳೆದು ಕಟ್ಟಿ ಗಂಜಿ ಬಳಿಯುವಾಗ, ಜಗಳವಾಡಿದವರೂ ಬಂದು ಕುಂಚ ಹಿಡಿಯುವುದು ನಮ್ಮಲ್ಲಿ ರೂಢಿ. ಬಿಸಿಲೇರಿದರೆ ಎಳೆಗಳು ಅಂಟಿಕೊಂಡು ಹಾಸು ಹಾಳು. ಮರುದಿನ ನಾವಿಬ್ಬರೇ. ಜನ ಬಾಗಿಲುಗಳಲ್ಲಿ ಫೋನ್ ನೋಡುತ್ತ ನಿಂತಿದ್ದರು.

"ಮಾವಾ, ತಲಿ ಅಲ್ಲಾಡಿಸು, ಯಾರರ ಬರ್ತಾರ!" ಅಂದ ಒಬ್ಬ. ಉಳಿದವರು ನಕ್ಕರು.

ಗಂಜಿ ಬಿಗಿಯತೊಡಗಿತ್ತು. ಆಗ ಪಕ್ಕದ ಮನೆಯವನು ಬಂದ. ಕುಂಚ ಎತ್ತಿಕೊಂಡು ಆಚೆ ಬದಿಗೆ ನಿಂತ. ಅರ್ಧ ಹಾಸು ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ.

"ಅಣ್ಣಾ, ನಿನ್ನ ತಲಿ ನಾ ಹುಟ್ಟಿದಾಗಿಂದ ನೋಡೀನಿ," ಅಂದ ಕಡೆಗೆ. "ವಾರ್ಡಿನಾಗ ಎಲ್ಲಾರೂ ನೇಕಾರರಲ್ಲಲ್ಲ."

"ಇದು ಮುಗೀಲಿ, ನಡಿ ತಮ್ಮಾ. ಮಗ್ಗ ನಿಲ್ಸಿ ಹೇಳ್ತೀನಿ."

ಹಾಸು ಮುಗಿಸಿ ಮಗ್ಗದ ಕುಣಿಗೆ ಇಳಿದೆ, ಲಾಳಿ ಮುಟ್ಟಲಿಲ್ಲ. ಕೈ ತೊಡೆಯ ಮೇಲಿಟ್ಟು, ಕತ್ತು ಬಿಗಿಹಿಡಿದು ಕೂತೆ. ಅವನೇ ಫೋನ್ ಹಿಡಿದ. "ಇಂವ ನೂಲು ಮಾರಿಲ್ಲ. ನನ್ನ ತಲಿ ಹಲಗಿ ಜೋಡಿ ಆಡಿದ್ದು" ಅಂದೆ. ಅದೇ ಗ್ರೂಪಿಗೆ ಹಾಕಿದೆವು. ಇಬ್ಬರೂ ಕುಣಿಯ ದಂಡೆಯಲ್ಲೇ ಕೂತು ಕಾಯುತ್ತಿದ್ದೆವು.

ಮೊದಲು ಬಂದ ಮಾತು: "ದಿನಾ ನಿಲ್ಲದ ಮಗ್ಗ ಇವತ್ತ್ಯಾಕ ನಿಂತೈತಿ? ಮುದುಕನ್ನ ಹೆದರಿಸ್ಯಾರೇನು?"

ಅದೂ ಓಣಿ ಓಣಿ ತಿರುಗಿತು.

ಇಲೆಕ್ಷನ್ನಿನಲ್ಲಿ ಅವನು ಸೋತ. ಮುಂದಿನ ವಾರ ಅವನ ಹಾಸು ಓಣಿಗೆ ಬಂತು. ಬಿಸಿಲಿಗೆ ಮುಂಚೆಯೇ ಕುಂಚ ಹಿಡಿದು ಹೋದೆ. ಅವನು ಬದಿಗೆ ಸರಿದು ನನಗೆ ಜಾಗ ಬಿಟ್ಟ. ಅವನ ತಾಯಿ ಮಾತ್ರ ಗಂಜಿಯ ಪಾತ್ರೆಯನ್ನು ನನ್ನ ಕಡೆಗೆ ಸರಿಸಲಿಲ್ಲ. ನಾನೇ ಹೋಗಿ ತಂದುಕೊಂಡೆ.