ಚಿಪ್ಪಕ್ಕ ಸಾಕಿದ ಮುದಿ ಹೇಂಟೆಗಳು

ನಮ್ಮ ಸೋದರತ್ತೆಯನ್ನು ಸುತ್ತಮುತ್ತಲಿನವರೆಲ್ಲ ಚಿಪ್ಪಕ್ಕ ಅಂತ ಕರೆಯುತ್ತಿದ್ದರು. ಅಪ್ಪನ ಕೋಳಿ ಶೆಡ್ಡಿನ ಪಕ್ಕದ ಫೀಡ್ ರೂಮಿನಲ್ಲಿ ದಿನವಿಡೀ ಕಪ್ಪೆಚಿಪ್ಪಿನ ಚೂರು ಜರಡಿ ಹಿಡಿಯುತ್ತಾ ಕೂತು ಬಂದ ಹೆಸರು ಅದು. ಬಿಳಿ ಧೂಳು ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಕೂತು ನಡುವಯಸ್ಸಿನ ಹೆಂಗಸು ಹಣ್ಣು ಮುದುಕಿಯಂತೆ ಕಾಣುತ್ತಿದ್ದಳು. ಯಾರಾದರೂ ಕೂದಲು ನೆರೆಯಿತಲ್ಲ ಅಂದರೆ, "ನೆರೆತಿಲ್ಲ, ಸುಣ್ಣ ಹೊಡೆಸಿದ್ದೀನಿ" ಅನ್ನುತ್ತಿದ್ದಳು.

ಶೆಡ್ಡಿಗೆ ಬರುವ ಮೊದಲು ಅವಳ ಕೆಲಸವೆಂದರೆ ಅಜ್ಜಿ. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದವಳು ಮತ್ತೆ ಏಳಲಿಲ್ಲ. ಮಗ್ಗುಲು ಬದಲಿಸುವುದು, ಎತ್ತಿ ಕೂರಿಸುವುದು, ತೊಳೆಯುವುದು, ಎಲ್ಲ ಅತ್ತೆಯದೇ. ಆಗಾಗ ಹೆಣ್ಣು ಕೇಳಿಕೊಂಡು ಬಂದವರಿಗೆ "ಅಮ್ಮನದು ಒಂದು ದಾರಿ ಆಗಲಿ" ಅಂದಳು. ಅಮ್ಮನದು ದಾರಿ ಆಗುವ ಹೊತ್ತಿಗೆ ಕೇಳಿಕೊಂಡು ಬರುವವರು ನಿಂತಿದ್ದರು. ಅಜ್ಜಿ ಹೋದ ಮೇಲೆ ಖಾಲಿ ಮಂಚದ ತುದಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ ತಂಗಿಯನ್ನು ನೋಡಲಾರದೆ ಅಪ್ಪನೇ ಒಂದು ದಿನ, "ಮರಿ ಬಂದಿವೆ, ನೋಡ್ಕೊಳ್ಳೋಕೆ ಜನ ಇಲ್ಲ, ಬಾ" ಅಂತ ಕರೆದುಕೊಂಡು ಹೋದ.

ಆ ಮರಿಗಳನ್ನು ಅವಳು ತಾನೇ ಹೆತ್ತವಳ ಹಾಗೆ ಸಾಕಿದಳು. ಬಿಸಿ ಬಲ್ಬಿನ ಕೆಳಗೆ ಒಂದೊಂದನ್ನೇ ಹಿಡಿದು ಕೊಕ್ಕು ನೀರಿಗೆ ಅದ್ದಿ ಕುಡಿಯಲು ಕಲಿಸಿದಳು. ಅವು ಬೆಳೆದವು, ಗೂಡು ಹತ್ತಿದವು, ಮೊಟ್ಟೆ ಇಟ್ಟವು. ಒಂದೂವರೆ ವರ್ಷಕ್ಕೆ ಹೇಂಟೆಗೆ ಮುಪ್ಪು. ಮೊಟ್ಟೆ ದೊಡ್ಡದಾಗುತ್ತದೆ, ಚಿಪ್ಪು ತೆಳ್ಳಗಾಗುತ್ತದೆ. ಟ್ರೇಯಿಂದ ಟ್ರೇಗೆ ಲೋಳೆ ಸೋರಲು ಶುರುವಾಯಿತು. ಅಪ್ಪ ಒಂದು ದಿನ ಊಟದ ಹೊತ್ತಿಗೆ, "ಇನ್ನು ಲಾರಿಗೆ ಹೇಳಿಬಿಡ್ತೀನಿ" ಅಂದ. ಲಾರಿ ಅಂದರೆ ಕಟುಕರದು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಇನ್ನೊಂದಿಷ್ಟು ದಿನ ಬಿಡಣ್ಣ."

"ಬಿಟ್ಟು? ಮುಟ್ಟಿದರೆ ಒಡೆಯೋ ಮೊಟ್ಟೇನ ಯಾರು ತಗೋತಾರೆ?"

"ಚಿಪ್ಪು ಗಟ್ಟಿ ಮಾಡಿಕೊಡೋದು ನನ್ನ ಜವಾಬ್ದಾರಿ."

ಅಪ್ಪ ನಕ್ಕ. ಅಜ್ಜಿ ಹೋದ ಮೇಲೆ ತಂಗಿ ಏನನ್ನಾದರೂ ಬೇಕು ಅಂತ ಕೇಳಿದ್ದು ಅದೇ ಮೊದಲು. "ಆಯ್ತು ಬಿಡು" ಅಂದ.

ಕೋಳಿ ಡಾಕ್ಟರು ಒಬ್ಬ ಸಣ್ಣ ವಯಸ್ಸಿನ ಹೆಂಗಸು, ಮಾತು ಕಡಿಮೆ. ಅತ್ತೆ ಅವಳನ್ನು ಫೀಡ್ ರೂಮಿಗೆ ಕರೆದು ಸ್ಟೂಲು ಹಾಕಿ ಕೂರಿಸಿದಳು. ನಾನು ಅಲ್ಲೇ ಟ್ರೇ ತೊಳೆಯುತ್ತಿದ್ದೆ.

"ಚಿಪ್ಪು ಕಟ್ಟೋದು ರಾತ್ರಿ ಹೊತ್ತು, ಕೋಳಿ ಮಲಗಿದಾಗ" ಅಂದಳು ಡಾಕ್ಟರು. "ಆಗ ಹೊಟ್ಟೇಲಿ ಸುಣ್ಣ ಇರಬೇಕು. ನೀವು ಹಾಕೋ ಸುಣ್ಣದ ಕಲ್ಲಿನ ಪುಡಿ ಸಂಜೆಗೇ ಜಾರಿ ಹೋಗಿರುತ್ತೆ. ಸಂಜೆ ಹೊತ್ತು ಕಪ್ಪೆಚಿಪ್ಪಿನ ದಪ್ಪ ಚೂರು ಕೊಡಿ, ಬೆಳಗಿನ ತನಕ ನಿಧಾನವಾಗಿ ಕರಗುತ್ತೆ. ಜೊತೆಗೆ ರಂಜಕ, ಡಿ ವಿಟಮಿನ್, ಸತುವಿನ ಮಿಶ್ರಣ ಬರೆದುಕೊಡ್ತೀನಿ. ವಯಸ್ಸಾದ ಕೋಳಿ ತಿಂದಿದ್ದನ್ನೆಲ್ಲ ಹೀರಿಕೊಳ್ಳಲ್ಲ."

"ಹೊಟ್ಟೇಲಿ ಸುಣ್ಣ ಇಲ್ಲದಿದ್ದರೆ?"

"ತನ್ನ ಮೂಳೆಯಿಂದ ತೆಗೆದು ಕಟ್ಟುತ್ತೆ. ಮೊಟ್ಟೆಗೆ ಮೊದಲು, ತನಗೆ ಆಮೇಲೆ." ಏಳುವಾಗ ಇನ್ನೊಂದು ಮಾತು ಸೇರಿಸಿದಳು. "ಇದು ಊರುಗೋಲು ಅಷ್ಟೆ. ಹರೆಯ ವಾಪಸ್ ಬರಲ್ಲ."

ಅತ್ತೆಗೆ ಊರುಗೋಲೇ ಸಾಕಾಗಿತ್ತು. ಜರಡಿ ಹಿಡಿದು ಪುಡಿ ಬೇರೆ, ಚೂರು ಬೇರೆ ಮಾಡಿ, ಬಿಸಿಲು ಇಳಿಯುವ ಹೊತ್ತಿಗೆ ಸಾಲುಸಾಲಾಗಿ ತೊಟ್ಟಿಗೆ ಉದುರಿಸುತ್ತಾ ಹೋಗುತ್ತಿದ್ದಳು. ಕೋಳಿಗಳು ಬೇರೆಲ್ಲ ಬಿಟ್ಟು ಆ ಚೂರನ್ನೇ ಹೆಕ್ಕುವುದನ್ನು ನನಗೆ ತೋರಿಸಿ, "ಬೇಕಾದ್ದು ಯಾವುದು ಅಂತ ಅವಕ್ಕೆ ಗೊತ್ತು ನೋಡು" ಅನ್ನುತ್ತಿದ್ದಳು. ಸ್ವಲ್ಪ ದಿನದಲ್ಲೇ ಸೋರುವುದು ನಿಂತಿತು. ಎರಡು ಮೊಟ್ಟೆ ತಾಗಿಸಿದರೆ ಟಣ್ ಅನ್ನುತ್ತಿತ್ತು. ಅತ್ತೆ ಹಾಡು ಗುನುಗಿದ್ದನ್ನು ನಾನು ಕೇಳಿದ್ದು ಆ ದಿನಗಳಲ್ಲೇ.

ಅಪ್ಪನಿಗೂ ಖುಷಿ. ಹೊಸ ಮರಿ ತರುವ ತಾಪತ್ರಯ ತಪ್ಪಿತಲ್ಲ. ಲಾರಿಯವನಿಗೆ ಆಮೇಲೆ ಬಾ ಅಂದ. ಆಮೇಲೆ ಬಂದಾಗ ಮತ್ತೂ ಆಮೇಲೆ ಬಾ ಅಂದ. ಶೆಡ್ಡಿನ ದೀಪ ಇನ್ನಷ್ಟು ಹೊತ್ತು ಉರಿಯುವ ಹಾಗೆ ಮಾಡಿದ. ಬೆಳಕಿದ್ದಷ್ಟೂ ಹೇಂಟೆ ಮೊಟ್ಟೆ ಇಡುತ್ತದೆ. ಎರಡು ವರ್ಷ ದಾಟಿದರೂ ಅವು ಇಡುತ್ತಲೇ ಇದ್ದವು.

ಒಂದು ಬೆಳಿಗ್ಗೆ ಗೂಡಿನ ಮೂಲೆಯಲ್ಲಿ ಒಂದು ಹೇಂಟೆ ಕಾಲು ಚಾಚಿ ಪಕ್ಕಕ್ಕೆ ಒರಗಿತ್ತು. ಕಣ್ಣು ನಿಚ್ಚಳವಾಗಿತ್ತು, ಕಾಯಿಲೆಯ ಕಳೆ ಇರಲಿಲ್ಲ. ಏಳಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಅದರ ಹೊಟ್ಟೆಯ ಕೆಳಗೆ ಒಂದು ಮೊಟ್ಟೆ, ಬಿರುಕಿಲ್ಲದ್ದು. ಅತ್ತೆ ಅದನ್ನು ಹೊರಗೆ ತೆಗೆದು ಗೋಣಿಯ ಮೇಲೆ ಮಲಗಿಸಿ ಕೈಯಾರೆ ನೀರು ಕುಡಿಸಿದಳು, ಚೂರು ತಿನ್ನಿಸಿದಳು. ಅದು ಎದ್ದಿತು. ಮಾರನೆಯ ದಿನ ಬಿದ್ದ ಇನ್ನೊಂದು ಏಳಲಿಲ್ಲ. ಆಮೇಲೆ ದಿನವೂ ಬೀಳತೊಡಗಿದವು.

ಡಾಕ್ಟರು ಬಂದು ಸತ್ತ ಒಂದರ ತೊಡೆಮೂಳೆ ಬೆರಳಲ್ಲೇ ಮುರಿದು ತೋರಿಸಿದಳು. ಒಳಗೆ ಟೊಳ್ಳು. "ನಿಮ್ಮ ಫೀಡಲ್ಲಿ ತಪ್ಪಿಲ್ಲ" ಅಂದಳು. "ಬಿಡುವಿಲ್ಲದೆ ಮೊಟ್ಟೆ ಇಟ್ಟಿವೆ. ಮೊಟ್ಟೆ ನಿಂತರೆ ಮೂಳೆ ಮತ್ತೆ ತುಂಬುತ್ತೆ. ದೀಪ ಕಡಿಮೆ ಮಾಡಿ, ಸ್ವಲ್ಪ ದಿನ ಬಿಡುವು ಕೊಡಿ."

ಅತ್ತೆ ಅಪ್ಪನ ಹತ್ತಿರ ಹೋದಳು. ಅಪ್ಪ ಮೊಟ್ಟೆ ಜೋಡಿಸುತ್ತಿದ್ದ.

"ದೀಪ ಆರಿಸಣ್ಣ. ಬೀಳ್ತಿವೆ."

"ಬಿದ್ದದ್ದು ಬೀಳುತ್ತೆ, ಮಿಕ್ಕಿದ್ದು ಇಡ್ತಾವಲ್ಲ. ಕರೆಯೋ ಹಸೂಗೆ ಯಾರಾದ್ರೂ ಬತ್ತಿಸೋ ಮದ್ದು ಕೊಡ್ತಾರಾ?"

"ನೋವಾಗುತ್ತೆ ಅವಕ್ಕೆ."

"ಇನ್ನಷ್ಟು ದಿನ ಬಿಡು ಅಂದೋಳು ನೀನೇ ಅಲ್ವೇನಮ್ಮ?"

ಅಪ್ಪ ಅದನ್ನು ಚುಚ್ಚಬೇಕು ಅಂತ ಹೇಳಲಿಲ್ಲ. ಆದರೆ ಅತ್ತೆ ಅಲ್ಲಿಂದ ತಿರುಗಿ ಬಂದ ರೀತಿ ನೋಡಿದರೆ, ನಡು ಮುರಿದವಳು ಗೋಡೆ ಹಿಡಿದು ಬಂದ ಹಾಗಿತ್ತು.

ಆಮೇಲಿನ ಬೆಳಗುಗಳು ಹೀಗೆ: ಅತ್ತೆ ಒಬ್ಬಳೇ ಮೊದಲು ಶೆಡ್ಡಿಗೆ ಹೋಗುವಳು. ಬಿದ್ದ ಕೋಳಿಗಳನ್ನು ಎತ್ತಿಕೊಂಡು ಹಿಂದಿನ ಕಟ್ಟೆಗೆ ಬರುವಳು. ಉಳಿಯುವುದಿಲ್ಲ ಅನಿಸಿದ್ದರ ಕತ್ತು ತಾನೇ ತಿರುಚುವಳು. ಆಮೇಲೆ ಕೈ ತೊಳೆದು, ಮಿಕ್ಕವಕ್ಕೆ ಫೀಡ್ ಕಲೆಸುವಳು. ಅಪ್ಪ ಶೆಡ್ಡಿಗೆ ಬರುವುದನ್ನೇ ತಡ ಮಾಡಿದ. ಕೆಟ್ಟವನಲ್ಲ, ನೋಡುವ ಎದೆ ಇರಲಿಲ್ಲ ಅಷ್ಟೆ. ಅತ್ತೆ ಗುನುಗುವುದಂತೂ ನಿಂತೇ ಹೋಯಿತು. ಊಟಕ್ಕೆ ಕರೆದರೆ ತುತ್ತು ಕಲೆಸಿಕೊಂಡು ಕೂತೇ ಇರುತ್ತಿದ್ದಳು.

ಒಂದು ದಿನ ಅಡುಗೆಮನೆಯಲ್ಲಿ ಅಮ್ಮನಿಗೆ, "ಅತ್ತಿಗೆ, ಇವತ್ತಿಂದ ಚಿಪ್ಪು ಹಾಕಲ್ಲ" ಅಂದಳು.

"ಅಯ್ಯೋ, ಅವಕ್ಕೆ ಇನ್ನೂ ಕಷ್ಟ ಆಗಲ್ವಾ?"

"ಆಗುತ್ತೆ. ಬೇಗ ಮುಗಿಯುತ್ತೆ."

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು.

ಚೀಲಗಳ ಬಾಯಿ ಕಟ್ಟಿ ಅತ್ತೆ ಮೂಲೆಗೆ ಸರಿಸಿದಳು. ಆ ವಾರ ಮುಗಿಯುವ ಮೊದಲೇ ಮೊಟ್ಟೆಗಳು ಮೆತ್ತಗಾದವು. ಕೆಲವಕ್ಕಂತೂ ಚಿಪ್ಪೇ ಇಲ್ಲ, ಬರೀ ಪೊರೆ. ಅಪ್ಪ ಒಂದನ್ನು ಎತ್ತಿದ, ಹೆಬ್ಬೆರಳು ಒಳಕ್ಕೆ ಇಳಿಯಿತು.

"ಚಿಪ್ಪು ಹಾಕ್ತಿದ್ದೀಯಾ?"

"ಇಲ್ಲ."

ಅಪ್ಪ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತ. ಬೈಯುತ್ತಾನೆ ಅಂದುಕೊಂಡೆ. ಕೈ ಒರೆಸಿಕೊಂಡು, "ಲಾರಿಗೆ ಹೇಳ್ತೀನಿ" ಅಂದ.

ಲಾರಿಯ ಆಳುಗಳು ಕೋಳಿಗಳ ಕಾಲು ಹಿಡಿದು ಗೊಂಚಲು ಗೊಂಚಲಾಗಿ ಎಳೆಯುತ್ತಾರೆ. ಅವರು ಎಳೆದಾಗ ಒಣಕಡ್ಡಿ ಮುರಿದಂಥ ಸದ್ದು ಗೂಡುಗಳ ಒಳಗಿಂದ ಬರತೊಡಗಿತು. ಅತ್ತೆ ಓಡಿ ಹೋಗಿ ಅಡ್ಡ ನಿಂತಳು.

"ಎರಡೂ ಕೈಲಿ ಹಿಡೀರಪ್ಪ. ಒಳಗೆ ಏನೂ ಉಳಿದಿಲ್ಲ ಅವಕ್ಕೆ."

"ಹಾಗೆ ಹಿಡಿದರೆ ನಾಳೆಗೂ ಮುಗಿಯಲ್ಲ ಅಕ್ಕ" ಅಂದ ಒಬ್ಬ, ಮೆತ್ತಗೇ.

ಅವಳು ತಾನೇ ಶುರು ಮಾಡಿದಳು. ಎದೆಯ ಕೆಳಗೆ ಒಂದು ಕೈ, ಬೆನ್ನಿಗೆ ಒಂದು ಕೈ. ಅಜ್ಜಿಯನ್ನು ಮಂಚದಿಂದ ಎತ್ತುತ್ತಿದ್ದದ್ದೂ ಹೀಗೆಯೇ. ನಾನೂ ಜೊತೆಗೂಡಿದೆ. ಇಬ್ಬರೂ ಸೇರಿ ಒಂದು ಸಾಲು ಮುಗಿಸುವಷ್ಟರಲ್ಲಿ ಅವರು ಉಳಿದ ಶೆಡ್ಡೆಲ್ಲ ಖಾಲಿ ಮಾಡಿದ್ದರು. ಲಾರಿ ಹೋದ ಮೇಲೆ ಶೆಡ್ಡಿನ ನಿಶ್ಶಬ್ದ ಕಿವಿಗೆ ಹೊಡೆಯುತ್ತಿತ್ತು. ಅತ್ತೆ ಗೂಡಿನ ಕಂಬಿಗೆ ಹಣೆ ಹಚ್ಚಿ, "ಮೊದಲನೇ ಸಲಾನೇ ಕಳಿಸಿದ್ದರೆ ಮೈಯಾದರೂ ಗಟ್ಟಿ ಇರೋದು. ನಾನೇ ಅಡ್ಡ ಬಂದೆ" ಅಂದಳು.

ಹೊಸ ಮರಿಗಳು ಬಂದವು. ಬಲ್ಬು ಕಟ್ಟಿದ್ದು, ನೀರು ಕುಡಿಸಿದ್ದು ಅಮ್ಮ. ಅತ್ತೆ ಫೀಡ್ ಕಲೆಸಿ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದಳು. ಮರಿಗಳ ಚಿಲಿಪಿಲಿ ಜೋರಾದಾಗ ಫೀಡ್ ರೂಮಿನ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅವೂ ಬೆಳೆದು, ಮೊಟ್ಟೆ ಇಟ್ಟು, ಮುಪ್ಪಾದವು. ಅಪ್ಪ ಒಂದು ಮಧ್ಯಾಹ್ನ ಹೊಸ್ತಿಲಲ್ಲಿ ನಿಂತು, "ಏನು ಮಾಡೋಣ? ಲಾರಿಗೆ ಹೇಳ್ಲಾ, ಇನ್ನೊಂದಿಷ್ಟು ದಿನ ನೋಡೋಣ್ವಾ?" ಅಂತ ಕೇಳಿದ. ಆ ದನಿಯಲ್ಲಿ ಅವಳ ಅಪ್ಪಣೆ ಬೇಡುವ ಭಾವ ಇತ್ತು.

"ನನ್ನ ಕೇಳಬೇಡ ಅಣ್ಣ" ಅಂದಳು ಅತ್ತೆ, ತಲೆ ಎತ್ತದೆ.