ಅಳಿಲು ಮಾರ್ಕಿನ ಹಕ್ಕುಪತ್ರ

ಕೊಡೆ ಅಂಗಡಿಯ ಅಕ್ಕನಿಗೆ ಅನುಮಾನವೇ ಉಸಿರು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ! ಗಂಡ ಬದುಕಿದ್ದಾಗ ಪಾಲುದಾರನನ್ನು ಕಣ್ಣುಮುಚ್ಚಿ ನಂಬಿ, ಇದ್ದೊಂದು ಅಂಗಡಿಯನ್ನು ಕಳೆದುಕೊಂಡಿದ್ದ. ಅಂದಿನಿಂದ ಈಕೆ ಯಾರನ್ನೂ ನಂಬುವ ಗೋಜಿಗೆ ಹೋಗಲಿಲ್ಲ. ತವರಿಗೆ ಬಂದು ಅಪ್ಪನ ಕೊಡೆ ಕೆಲಸ ಹಿಡಿದಳು. ಕಡ್ಡಿ ಜೋಡಿಸಿ, ಬಟ್ಟೆ ಹೊಲಿದು, ಅಪ್ಪ ಬರೆದ ಅಳಿಲಿನ ಚಿತ್ರವನ್ನು ಹಿಡಿಕೆಗೆ ಒತ್ತಿ, ಅಳಿಲು ಮಾರ್ಕಿನ ಕೊಡೆಯನ್ನು ಹೊರದೇಶದ ತನಕ ಮುಟ್ಟಿಸಿದವಳು ಅವಳೇ.

ಅಲ್ಲೊಬ್ಬ ವ್ಯಾಪಾರಿ ಅದೇ ಅಳಿಲನ್ನು ತನ್ನ ಕೊಡೆಗೂ ಅಂಟಿಸತೊಡಗಿದ. ಅವನನ್ನು ತಡೆಯಬೇಕಾದರೆ ಮಾರ್ಕು ಆ ದೇಶದಲ್ಲಿ ಅಕ್ಕನ ಹೆಸರಿಗೆ ದಾಖಲಾಗಬೇಕು. ಅಪ್ಪ ಇಲ್ಲಿ ಅದನ್ನು ಮಾಡಿಸಿಟ್ಟಿದ್ದೋ ಮಗನ ಹೆಸರಿಗೆ. ಆ ತಮ್ಮ ಲಾರಿ ಓಡಿಸುವವನು, ಮಳೆ ಬಂದರೂ ಕೊಡೆ ಬಿಚ್ಚಲು ಸೋಮಾರಿತನ.

"ನಿಂದೇ ಕಣಕ್ಕ ಅದು, ತಗೋ," ಎಂದು ಹಕ್ಕು ಬಿಟ್ಟುಕೊಡಲು ಒಪ್ಪಿದ.

ಪತ್ರಕ್ಕೆ ರುಜು ಹಾಕಿಸುವ ಮುನ್ನ ನೋಟರಿ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಯಾರದಾದ್ರೂ ಬಲವಂತ ಇದೆಯೇನಪ್ಪಾ?"

"ಸಂತೋಷವಾಗಿ ಕೊಡ್ತಿದ್ದೀನಿ ಸಾರ್. ನಮ್ಮಕ್ಕ ಅಲ್ವಾ!"

ಸಂತೋಷವಂತೆ! ಪುಕ್ಕಟೆ ಕೊಟ್ಟು ಸಂತೋಷಪಡುವವರು ಯಾರಿದ್ದಾರೆ? ಅಕ್ಕ ಅಲ್ಲೇ ತಲೆಗೆ ಹುಳ ಬಿಟ್ಟುಕೊಂಡಳು.

ನೋಟರಿಯ ಮುದ್ರೆಯಾದ ಮೇಲೆ ಸರ್ಕಾರಿ ಕಚೇರಿಯದು, ಕೊನೆಗೆ ಆ ದೇಶದ ರಾಯಭಾರ ಕಚೇರಿಯದು ಬೀಳಬೇಕಿತ್ತು. ತಮ್ಮ ಲಾರಿ ಬಿಟ್ಟು ಅಲೆದಾಡಿದ. ಕೊನೆಯ ಮುದ್ರೆಯೊಂದು ಬಾಕಿ ಇರುವಾಗ ಪತ್ರಗಳನ್ನು ಅಕ್ಕನ ಮೇಜಿನ ಮೇಲಿಟ್ಟ. ಹಾಳೆಗಳನ್ನೆಲ್ಲ ಸೇರಿಸಿ ಕೆಂಪು ದಾರದಲ್ಲಿ ಹೊಲಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದ್ದರು.

"ನಾಳೆ ಇಬ್ಬರೂ ಹೋಗೋಣ. ದಾರ ಮಾತ್ರ ಬಿಚ್ಚಬೇಡಕ್ಕ, ಎಲ್ಲಾ ಕೆಟ್ಟೋಗುತ್ತೆ."

ಯಾಕೆ ಬಿಚ್ಚಬಾರದು? ಒಳಗೆ ಏನಿದೆ? ಅವನು ಹೋದದ್ದೇ ತಡ, ಅಕ್ಕ ಹಾಳೆ ಮಗುಚಿದಳು. ಹಕ್ಕು ಯಾರಿಗೆ ಎಂದು ಬರೆದ ಸಾಲು ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದರೂ ಕಾಣದು, ಬಗ್ಗಿಸಿದರೂ ಕಾಣದು. ನಡುವೆ ಹಾಳೆ ಬದಲಾಯಿಸಿದ್ದರೆ? ಹೆಂಡತಿಯ ಹೆಸರು ಸೇರಿಸಿದ್ದರೆ? ಕೊಡೆ ಬಟ್ಟೆಯ ಕತ್ತರಿ ಕೈಯಳತೆಯಲ್ಲೇ ಇತ್ತು. ಕಚಕ್!

ಇದ್ದದ್ದು ಅವಳ ಹೆಸರೇ, ಅವಳದೊಂದೇ. ದಾರವನ್ನು ಮತ್ತೆ ಗಂಟು ಹಾಕಿ, ಗೊತ್ತಾಗಲಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ರಾಯಭಾರ ಕಚೇರಿಯ ಗುಮಾಸ್ತೆ ಒಂದೇ ನೋಟಕ್ಕೆ ಪತ್ರಗಳನ್ನು ಹಿಂದಕ್ಕೆ ತಳ್ಳಿದಳು. "ದಾರ ಕತ್ತರಿಸಿದ್ದೀರಿ. ಇದು ನಡೆಯಲ್ಲ, ಮೊದಲಿಂದ ಮಾಡಿಸ್ಕೊಂಡು ಬನ್ನಿ."

ತಮ್ಮ ದಾರದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಕ್ಕನ ಮುಖ ನೋಡಲಿಲ್ಲ.

ಮತ್ತೆ ಅದೇ ನೋಟರಿ. "ಯಾರ್ರೀ ಇದನ್ನ ಕತ್ತರಿಸಿದ್ದು?"

ಅಕ್ಕ ನೆಲ ನೋಡಿದಳು.

"ನಾನೇ ಸಾರ್, ಝೆರಾಕ್ಸ್ ಮಾಡ್ಸೋಣ ಅಂತ," ಎಂದ ತಮ್ಮ. ನೋಟರಿ ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಹೊಸ ಹಾಳೆಗಳು ಬಂದವು, ಹಳೆಯ ಪ್ರಶ್ನೆಯೂ ಬಂತು.

"ಬಲವಂತ ಇದೆಯೇನಪ್ಪಾ?"

"ಇಲ್ಲ ಸಾರ್. ಕೊಡ್ತಿದ್ದೀನಿ."

ಅಷ್ಟೇ. ಅಂದು ತಾನೇ ನಂಬದ ‘ಸಂತೋಷವಾಗಿ’ ಎಂಬ ಆ ಒಂದು ಮಾತಿಗಾಗಿ ಅಕ್ಕ ಕಿವಿ ತೆರೆದು ಕೂತಿದ್ದಳು. ತಮ್ಮ ರುಜು ಹಾಕಿ, ಹಾಳೆಗಳನ್ನು ಅವಳ ಕಡೆ ಸರಿಸಿದ.

"ಹೊಲಿಯೋಕೆ ಮುಂಚೆ ಓದ್ಕೊಂಡುಬಿಡು."

ಕಣ್ಣು ಮಂಜಾಗಿ ಒಂದಕ್ಷರವೂ ಕಾಣುತ್ತಿರಲಿಲ್ಲ.

"ಓದಿದೆ," ಎಂದಳು ಅಕ್ಕ.